ಕಿಟ್ ಲೆನ್ಸ್ ಸಾಲದೆನಿಸಿದಾಗ: 18-140 ಮಿ.ಮೀ. ಝೂಮ್‌ನೊಂದಿಗೆ ಎರಡು ವರ್ಷ

ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಕೊಂಡ ಹೊಸಬರು ಕೆಲವೇ ತಿಂಗಳಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಕ್ಯಾಮೆರಾದ ಜೊತೆಯಲ್ಲೇ ಬಂದ 18-55 ಮಿ.ಮೀ. ಲೆನ್ಸನ್ನು ಬದಿಗಿಟ್ಟು, ಎಲ್ಲದಕ್ಕೂ ಒದಗುವಂಥ ಒಂದು ಲೆನ್ಸ್ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು? (ಈ ಮಿ.ಮೀ. ಅಂಕೆಗಳು ಲೆನ್ಸಿನ ಫೋಕಲ್ ಲೆಂತ್; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.) ನಾನೂ ಈ ಪ್ರಶ್ನೆ ಹಿಡಿದು ತಿರುಗಿದವನೇ. ನಿಕಾನ್ ಡಿ5300 ಕ್ಯಾಮೆರಾದಲ್ಲಿ ಒಂದು ವರ್ಷ ಕಿಟ್ ಲೆನ್ಸ್ ಬಳಸಿದ ಮೇಲೆ ನಿಕಾನ್‌ನದೇ ಎಎಫ್-ಎಸ್ ಡಿಎಕ್ಸ್ 18-140 ಮಿ.ಮೀ. ಎಫ್/3.5-5.6 ವಿಆರ್ ಲೆನ್ಸಿಗೆ ಬದಲಾಯಿಸಿಕೊಂಡೆ; ಅದಕ್ಕೀಗ ಎರಡು ವರ್ಷವಾಗಿದೆ. ಹೆಸರಿನಲ್ಲಿರುವ ಡಿಎಕ್ಸ್ ಎಂದರೆ ಚಿಕ್ಕ ಸಂವೇದಕದ ಕ್ಯಾಮೆರಾಗಳಿಗೆಂದು ಮಾಡಿದ್ದು; ಎಫ್ ಸಂಖ್ಯೆ ಹೇಳುವುದು ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಂಡಿ, ಎಷ್ಟು ತೆರೆಯುತ್ತದೆ ಎಂಬುದನ್ನು, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು; ವಿಆರ್ ಎಂದರೆ ಕಂಪನ ನಿಯಂತ್ರಣ. ನಡುವೆ ಸ್ನೇಹಿತರೊಬ್ಬರ ಸಿಗ್ಮಾ 17-50 ಮಿ.ಮೀ. ಎಫ್/2.8 ಲೆನ್ಸನ್ನು ಒಂದು ತಿಂಗಳು ಎರವಲು ತಂದು ಬಳಸಿದ್ದೂ ಉಂಟು. ಈ ಬರಹ ಮುಖ್ಯವಾಗಿ 18-140ರ ವಿಮರ್ಶೆ. ಆದರೆ ಒಂದು ಲೆನ್ಸ್ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಬಿಟ್ಟು ಅದರ ಗುಣದೋಷ ಪಟ್ಟಿಮಾಡುವುದರಿಂದ ಕೊಳ್ಳುವವರಿಗೆ ಉಪಯೋಗವಿಲ್ಲದ ಕಾರಣ, ಉಳಿದ ಲೆನ್ಸ್‌ಗಳ ಮಾತೂ ಜೊತೆಯಲ್ಲಿ ಬರುತ್ತದೆ.

ಮೊದಲಿಗೆ, ಕಿಟ್ ಲೆನ್ಸ್ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ತಾತ್ಸಾರದ ಮಾತುಗಳನ್ನು ನಾನು ಒಪ್ಪುವುದಿಲ್ಲ. ಸುಮಾರು 200 ಗ್ರಾಂ ತೂಗುವ, ಎಲ್ಲ ಭಾಗವೂ ಪ್ಲಾಸ್ಟಿಕ್ ಎನಿಸುವ ಈ ಪುಟ್ಟ ಲೆನ್ಸ್, ಎಫ್/8ರಲ್ಲಿ ಹಗಲು ಬೆಳಕಿನಲ್ಲಿ ತೆಗೆದ ಚಿತ್ರವನ್ನು ಅದಕ್ಕಿಂತ ಬಹಳ ದುಬಾರಿಯಾದ ಲೆನ್ಸಿನ ಚಿತ್ರದ ಪಕ್ಕದಲ್ಲಿಟ್ಟರೆ, ದೊಡ್ಡದಾಗಿ ಮುದ್ರಿಸದ ಹೊರತು ವ್ಯತ್ಯಾಸ ಹೇಳುವುದು ಕಷ್ಟ. ಅದರ ನಿಜವಾದ ಕೊರತೆಗಳು ಬೇರೆ. 55 ಮಿ.ಮೀ.ಗೆ ಅದರ ಕೈ ನಿಂತುಹೋಗುತ್ತದೆ. ಅಲ್ಲಿ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಹಳೆಯ ಕೆಲವು ಮಾದರಿಗಳಲ್ಲಿ ಫೋಕಸ್ ಮಾಡುವಾಗ ಲೆನ್ಸಿನ ಮುಂಭಾಗವೇ ತಿರುಗುವುದರಿಂದ, ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದವರು ಪ್ರತಿ ಸಲವೂ ಫೋಕಸ್ ಆದ ಮೇಲೆ ಫಿಲ್ಟರನ್ನು ಮತ್ತೆ ತಿರುಗಿಸಿಕೊಳ್ಳಬೇಕಾಗುತ್ತದೆ. ಈ ಮೂರರಲ್ಲಿ ಯಾವುದು ನಿಮ್ಮನ್ನು ಕಾಡುತ್ತಿದೆ ಎಂಬುದರ ಮೇಲೆ ಮುಂದಿನ ಲೆನ್ಸ್ ಯಾವುದು ಎಂಬುದು ನಿರ್ಧಾರವಾಗಬೇಕೇ ಹೊರತು, ಕಿಟ್ ಲೆನ್ಸ್ ಎಂದರೆ ಕಳಪೆ ಎಂಬ ಗಾಳಿಮಾತಿನ ಮೇಲಲ್ಲ.

ಅದನ್ನು ತಿಳಿಯಲು ಒಂದು ಸುಲಭದ ದಾರಿ ಇದೆ. ಪ್ರತಿ ಚಿತ್ರದ ಕಡತದೊಳಗೂ ಅದನ್ನು ತೆಗೆದಾಗಿನ ಫೋಕಲ್ ಲೆಂತ್, ಅಪರ್ಚರ್, ಶಟರ್ ವೇಗ (ಸಂವೇದಕದ ಮೇಲೆ ಬೆಳಕು ಬೀಳುವ ಹೊತ್ತು), ಐಎಸ್‌ಒ (ಬೆಳಕಿಗೆ ಸಂವೇದಕದ ಸೂಕ್ಷ್ಮತೆ) ದಾಖಲಾಗಿರುತ್ತವೆ. ಈ ಮಾಹಿತಿಯನ್ನು ಎಕ್ಸಿಫ್ ಎನ್ನುತ್ತಾರೆ. ಚಿತ್ರಗಳನ್ನು ಫೋಕಲ್ ಲೆಂತ್‌ಗೆ ತಕ್ಕಂತೆ ವಿಂಗಡಿಸಿಕೊಡುವ ಉಚಿತ ತಂತ್ರಾಂಶಗಳೂ ಇವೆ. ನನ್ನ ಒಂದು ವರ್ಷದ ಚಿತ್ರಗಳನ್ನು ಹೀಗೆ ಜೋಡಿಸಿ ನೋಡಿದಾಗ ಅವು ಮಧ್ಯದಲ್ಲಿ ತೆಳುವಾಗಿ, ಎರಡು ತುದಿಗಳಲ್ಲಿ ದಟ್ಟವಾಗಿ ಹರಡಿದ್ದವು. 18ರಲ್ಲಿದ್ದವು ಹೆಚ್ಚಾಗಿ ಕಟ್ಟಡ, ಬಯಲು, ಗುಂಪುಚಿತ್ರಗಳು. ಅವುಗಳಲ್ಲಿ ನನಗೆ ಅತೃಪ್ತಿ ಇರಲಿಲ್ಲ. 55ರಲ್ಲಿದ್ದವುಗಳಲ್ಲಿ ಬಹುಪಾಲನ್ನು ನಾನು ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿಕೊಂಡಿದ್ದೆ, ಅಂದರೆ ಇನ್ನಷ್ಟು ಹತ್ತಿರ ಬೇಕಿತ್ತು. ಇನ್ನೊಂದು ಗುಂಪು ಸಂಜೆಯ ಮೇಲೆ ಮನೆಯೊಳಗೆ ತೆಗೆದದ್ದು. ಅಲ್ಲಿ ದೂರದ ಕೊರತೆ ಇರಲಿಲ್ಲ, ಬೆಳಕಿನ ಕೊರತೆ ಇತ್ತು. ನನ್ನ ಅತೃಪ್ತಿ ಒಂದಲ್ಲ, ಎರಡು ಎಂದು ಆಗಲೇ ಗೊತ್ತಾಗಿದ್ದರೂ, ಒಂದೇ ಲೆನ್ಸ್ ಎರಡನ್ನೂ ನೀಗಿಸಬಹುದೆಂಬ ಆಸೆ ಮಾತ್ರ ಹೋಗಿರಲಿಲ್ಲ.

18-140 ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ತೂಕ 490 ಗ್ರಾಂ, ಫಿಲ್ಟರ್ ಅಳತೆ 67 ಮಿ.ಮೀ., ಕ್ಯಾಮೆರಾಕ್ಕೆ ಕೂರುವ ಮೌಂಟ್ ಲೋಹದ್ದು. ಇದೇ ಮನೆತನದ, 2008ರಲ್ಲಿ ಡಿ90 ಕ್ಯಾಮೆರಾದ ಜೊತೆ ಬಂದ 18-105ರಲ್ಲಿ ಈ ಮೌಂಟ್ ಪ್ಲಾಸ್ಟಿಕ್ಕಿನದು. ಅದನ್ನು ದೊಡ್ಡ ದೋಷವೆಂದು ನಾನು ಎಣಿಸುವುದಿಲ್ಲವಾದರೂ, ದಿನವೂ ಲೆನ್ಸ್ ಬಿಚ್ಚಿ ಹಾಕುವವರಿಗೆ ಲೋಹವೇ ಲೇಸು. ಡಿ5300ರಂಥ ಹಗುರ ಕ್ಯಾಮೆರಾಕ್ಕೆ ಇದನ್ನು ಹಾಕಿದಾಗ ಲೆನ್ಸಿನ ತೂಕ ಕ್ಯಾಮೆರಾದ ತೂಕಕ್ಕೆ ಸರಿಸಮನಾಗುತ್ತದೆ. ಎಡಗೈಯನ್ನು ಲೆನ್ಸಿನ ಕೆಳಗೆ ಕೊಟ್ಟು ಹಿಡಿಯುವ ಅಭ್ಯಾಸ ಇಲ್ಲದವರು ಅದನ್ನು ತಾವಾಗಿಯೇ ಕಲಿಯುತ್ತಾರೆ. ಕಿಟ್ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಸಣ್ಣ ಕೈಚೀಲಕ್ಕೆ ತುರುಕಿ ಹೊರಡುತ್ತಿದ್ದ ನನಗೆ, ಈ ಲೆನ್ಸ್ ಬಂದ ಮೇಲೆ ಅದಕ್ಕೆಂದೇ ಬೇರೆ ಚೀಲ ಬೇಕಾಯಿತು. ಇಂಥ ಸಂಗತಿಗಳು ವಿಮರ್ಶೆಗಳಲ್ಲಿ ಕಾಣುವುದು ಕಡಿಮೆ, ಆದರೆ ಕ್ಯಾಮೆರಾ ಮನೆಯಲ್ಲೇ ಉಳಿಯುತ್ತದೋ ಜೊತೆಗೆ ಬರುತ್ತದೋ ಎಂಬುದನ್ನು ಇವೇ ತೀರ್ಮಾನಿಸುತ್ತವೆ.

ಅಂಕೆಗಳ ಅರ್ಥವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಆರಂಭಿಕರ ಎಸ್‌ಎಲ್‌ಆರ್‌ಗಳಲ್ಲಿರುವ ಸಂವೇದಕ ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು. ಆದ್ದರಿಂದ ನೋಟದ ಕೋನವನ್ನು ಫಿಲ್ಮ್ ಕಾಲದ ಲೆಕ್ಕಕ್ಕೆ ಹೋಲಿಸಬೇಕಾದರೆ ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು. ಹಾಗೆ ನೋಡಿದರೆ ನಿಕಾನ್ ಕ್ಯಾಮೆರಾದ ಮೇಲೆ 18-140 ಎಂದರೆ 27ರಿಂದ 210 ಮಿ.ಮೀ. ಒಂದು ತುದಿಯಲ್ಲಿ ಕೋಣೆಯ ಮೂಲೆಯಲ್ಲಿ ನಿಂತು ಹೆಚ್ಚುಕಡಿಮೆ ಇಡೀ ಕೋಣೆಯನ್ನು ಹಿಡಿಯಬಹುದು. ಇನ್ನೊಂದು ತುದಿಯಲ್ಲಿ ವೇದಿಕೆಯ ಮೇಲಿರುವವರ ಮುಖವನ್ನು ಸಭಿಕರ ನಡುವಿನ ಸಾಲಿನಿಂದ ತುಂಬಿಕೊಳ್ಳಬಹುದು. ಹಕ್ಕಿಗಳಿಗೆ ಮಾತ್ರ ಇದು ಸಾಲದು. ಹಕ್ಕಿಯ ಹುಚ್ಚು ಹಿಡಿದವರು ಕಿಟ್ ಲೆನ್ಸನ್ನೇ ಇಟ್ಟುಕೊಂಡು 70-300ರ ಕಡೆಗೆ ನೇರವಾಗಿ ಹೋಗುವುದು ಮೇಲು.

ಈ ಲೆನ್ಸ್ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ನಾನು ನಿರೀಕ್ಷಿಸದ ಕಡೆಯಲ್ಲಿ, ಅಂದರೆ ವ್ಯಕ್ತಿಚಿತ್ರಗಳಲ್ಲಿ. ಹಿನ್ನೆಲೆ ಮಂಜಾಗಬೇಕೆಂದರೆ ಎಫ್/1.8ರಂಥ ದೊಡ್ಡ ಅಪರ್ಚರ್ ಇರಲೇಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಮುಖದ ಗಾತ್ರ ಚೌಕಟ್ಟಿನಲ್ಲಿ ಒಂದೇ ಸಮನಾಗಿರುವಂತೆ ನಿಂತು ತೆಗೆದರೆ, ಬಹಳ ದೂರದ ಹಿನ್ನೆಲೆ ಎಷ್ಟು ಮಂಜಾಗುತ್ತದೆ ಎಂಬುದು ಎಫ್ ಸಂಖ್ಯೆಯೊಂದರಿಂದಲ್ಲ, ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದಾಗ ಸಿಗುವ ಬೆಳಕಿನ ಕಂಡಿಯ ಅಗಲದಿಂದ ತೀರ್ಮಾನವಾಗುತ್ತದೆ. ಕಿಟ್ ಲೆನ್ಸಿನ 55 ಮಿ.ಮೀ. ಎಫ್/5.6ರಲ್ಲಿ ಈ ಅಗಲ ಸುಮಾರು 10 ಮಿ.ಮೀ. ಮಾತ್ರ. 140 ಮಿ.ಮೀ. ಎಫ್/5.6ರಲ್ಲಿ ಅದು 25 ಮಿ.ಮೀ. ಎಲ್ಲರೂ ಹೊಗಳುವ 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಸುಮಾರು 28 ಮಿ.ಮೀ. ಹೀಗಾಗಿ ಬಯಲಿನಲ್ಲಿ, ದೂರದ ಮರಗಳ ಸಾಲಿನ ಮುಂದೆ ಒಬ್ಬರನ್ನು ನಿಲ್ಲಿಸಿ 140ರಲ್ಲಿ ತೆಗೆದಾಗ ಹಿನ್ನೆಲೆ ಕರಗಿದ ರೀತಿ ಕಂಡು ನಾನೇ ಬೆರಗಾದೆ. ಇದಕ್ಕೊಂದು ಷರತ್ತಿದೆ. ತಲೆಯಿಂದ ಎದೆಯವರೆಗಿನ ಚಿತ್ರಕ್ಕೆ 140ರಲ್ಲಿ ಮೂರೂವರೆ ಮೀಟರಿನಷ್ಟು ಹಿಂದೆ ಸರಿಯಬೇಕು, ಹಿನ್ನೆಲೆಯೂ ಸಾಕಷ್ಟು ದೂರದಲ್ಲಿರಬೇಕು. ಸಣ್ಣ ಕೋಣೆಯಲ್ಲಿ, ಗೋಡೆಗೆ ಒರಗಿ ಕುಳಿತವರ ಚಿತ್ರದಲ್ಲಿ ಈ ಲೆಕ್ಕ ಯಾವುದೂ ನೆರವಿಗೆ ಬರುವುದಿಲ್ಲ.

ಕೋಣೆಯೊಳಗೆ ಬಂದ ಕೂಡಲೇ ಈ ಲೆನ್ಸಿನ ಬಗ್ಗೆ ನನ್ನ ಮಾತಿನ ಧಾಟಿ ಬದಲಾಗುತ್ತದೆ. ಝೂಮ್‌ನ ನಡುಭಾಗ ದಾಟುವ ಮೊದಲೇ ಅಪರ್ಚರ್ ಎಫ್/5ರ ಆಸುಪಾಸಿಗೆ ಇಳಿದಿರುತ್ತದೆ. ಸಂಜೆ ದೀಪದ ಬೆಳಕಿನಲ್ಲಿ, ಐಎಸ್‌ಒ 3200ರಲ್ಲಿ, ಎಫ್/5.6ಕ್ಕೆ ಶಟರ್ ವೇಗ 1/30 ಸೆಕೆಂಡ್ ಬರುತ್ತದೆಂದು ಇಟ್ಟುಕೊಳ್ಳಿ. ಅದೇ ಬೆಳಕಿನಲ್ಲಿ ಎಫ್/2.8ರ ಲೆನ್ಸ್ ನಾಲ್ಕು ಪಟ್ಟು ಬೆಳಕನ್ನು ಒಳಬಿಟ್ಟು 1/125 ಕೊಡುತ್ತದೆ, ಎಫ್/1.8ರ ಲೆನ್ಸ್ ಹತ್ತಿರ ಹತ್ತಿರ ಹತ್ತು ಪಟ್ಟು ಬಿಟ್ಟು 1/300ರ ಸಮೀಪಕ್ಕೆ ಒಯ್ಯುತ್ತದೆ. ಓಡಾಡುವ ಮಗು 1/30ರಲ್ಲಿ ಕಲೆಸಿಹೋಗುತ್ತದೆ, 1/125ರಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ, 1/300ರಲ್ಲಿ ಖಂಡಿತ ನಿಲ್ಲುತ್ತದೆ.

ಇಲ್ಲಿ ಕಂಪನ ನಿಯಂತ್ರಣದ ಬಗ್ಗೆ ಹೊಸಬರಿಗೆ ಆಗುವ ಗೊಂದಲವನ್ನು ಬಿಡಿಸಬೇಕು. ವಿಆರ್, ಐಎಸ್, ಓಎಸ್, ವಿಸಿ ಎಂದು ಒಂದೊಂದು ಸಂಸ್ಥೆ ಒಂದೊಂದು ಹೆಸರಿಡುವ ಈ ವ್ಯವಸ್ಥೆ ಸರಿದೂಗಿಸುವುದು ಛಾಯಾಗ್ರಾಹಕನ ಕೈ ನಡುಕವನ್ನೇ ಹೊರತು ಎದುರಿಗಿರುವವರ ಚಲನೆಯನ್ನಲ್ಲ. 18-140ರಲ್ಲಿ ನಿಕಾನ್ ಹೇಳಿಕೊಳ್ಳುವುದು ನಾಲ್ಕು ಸ್ಟಾಪ್‌ಗಳ ಅನುಕೂಲ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ). 140 ಮಿ.ಮೀ.ಗೆ ಕೈಯಲ್ಲಿ ಹಿಡಿದು ತೆಗೆಯಲು ಹಳೆಯ ರೂಢಿಯ ಪ್ರಕಾರ 1/200 ಬೇಕಾದಲ್ಲಿ ಲೆಕ್ಕಕ್ಕೆ 1/13 ಸಾಕು. ನನ್ನ ಕೈಗೆ ಅಷ್ಟು ದಕ್ಕಲಿಲ್ಲವಾದರೂ 1/25ರವರೆಗೆ ಧೈರ್ಯವಾಗಿ ಹೋಗಬಲ್ಲೆ. ಸ್ಥಿರವಾಗಿ ನಿಂತ ಕಂಬ, ಶಿಲ್ಪ, ಕಟ್ಟಡದ ಒಳಾಂಗಣ ಇವುಗಳಿಗೆ ಇದು ವರವೇ ಸರಿ. ಓಡುವ ಮಗುವಿಗೆ, ನರ್ತಿಸುವವರಿಗೆ, ಮಾತಾಡುತ್ತ ಕೈ ಆಡಿಸುವವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಟ್ರೈಪಾಡ್ ಮೇಲಿಟ್ಟಾಗ ಲೆನ್ಸಿನ ಪಕ್ಕದಲ್ಲಿರುವ ಗುಂಡಿಯಿಂದ ಇದನ್ನು ಆಫ್ ಮಾಡಿಕೊಳ್ಳಬಹುದು.

ಆ ಒಂದು ತಿಂಗಳು ನನ್ನ ಬಳಿ ಇದ್ದ ಸಿಗ್ಮಾ 17-50 ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಝೂಮ್ ಎಲ್ಲಿಯೇ ಇರಲಿ, ಎಫ್/2.8 ಸಿಗುತ್ತದೆ, ವ್ಯೂಫೈಂಡರಿನಲ್ಲಿ ಕಾಣುವ ದೃಶ್ಯವೂ ಕಣ್ಣಿಗೆ ತಿಳಿಯುವಷ್ಟು ಬೆಳಕಾಗಿರುತ್ತದೆ, ಸಂಜೆಯ ಚಿತ್ರಗಳಲ್ಲಿ ಐಎಸ್‌ಒವನ್ನು ಎರಡು ಹೆಜ್ಜೆ ಇಳಿಸಿಕೊಳ್ಳಬಹುದು. ತೂಕ 565 ಗ್ರಾಂ, ಅದೂ ಅಡ್ಡಿಯೆನಿಸಲಿಲ್ಲ. ಮನೆಯೊಳಗೆ, ಸಮಾರಂಭಗಳಲ್ಲಿ, ಜನರ ನಡುವೆ ಹೆಚ್ಚು ಚಿತ್ರ ತೆಗೆಯುವವರಿಗೆ ನಾನು 18-140ಕ್ಕಿಂತ ಮೊದಲು ಇದನ್ನೇ ಸೂಚಿಸುತ್ತೇನೆ. ಆದರೆ ಹಗಲಿನಲ್ಲಿ ಹೊರಗೆ ಹೊರಟಾಗ ಪ್ರತಿ ಸಲವೂ 50 ಮಿ.ಮೀ.ನಲ್ಲಿ ಝೂಮ್ ಉಂಗುರ ತಡೆದು ನಿಂತಾಗ, ನಾನು ಬಿಟ್ಟುಬಂದ ಕಿಟ್ ಲೆನ್ಸಿನ ಅತೃಪ್ತಿಯೇ ಇನ್ನಷ್ಟು ಬೆಲೆ ತೆತ್ತು ಮರಳಿ ಬಂದಂತಾಯಿತು. ಹಿನ್ನೆಲೆಯ ಲೆಕ್ಕದಲ್ಲೂ ಅದು ನಾನೆಣಿಸಿದಷ್ಟು ಮುಂದಿಲ್ಲ, 50 ಮಿ.ಮೀ. ಎಫ್/2.8ರಲ್ಲಿ ಬೆಳಕಿನ ಕಂಡಿಯ ಅಗಲ 18 ಮಿ.ಮೀ.ಗಿಂತ ಕಡಿಮೆ.

ಕೊನೆಗೆ ನಾನು ಮಾಡಿಕೊಂಡ ಏರ್ಪಾಡು ಬೇರೆಯದು. 18-140ನ್ನು ಉಳಿಸಿಕೊಂಡು, ಜೊತೆಗೆ ನಿಕಾನ್‌ನ 35 ಮಿ.ಮೀ. ಎಫ್/1.8 ಡಿಎಕ್ಸ್ ಲೆನ್ಸನ್ನು ಸೇರಿಸಿಕೊಂಡೆ. ಅದು ಝೂಮ್ ಇಲ್ಲದ ಪ್ರೈಮ್ ಲೆನ್ಸ್, 2009ರಲ್ಲಿ ಬಂದದ್ದು, ತೂಕ 200 ಗ್ರಾಂ. ಅದರ ನೋಟದ ಕೋನ ಫಿಲ್ಮ್ ಕಾಲದ ‘ನಾರ್ಮಲ್’ ಲೆನ್ಸಿನದಕ್ಕೆ ಹತ್ತಿರ. ದುಬಾರಿಯಲ್ಲದ 50 ಮಿ.ಮೀ. ಎಫ್/1.8 ಕೊಳ್ಳಿ ಎಂದು ಸಲಹೆ ಕೊಡುವವರು ಬಹಳ. ಚಿಕ್ಕ ಸಂವೇದಕದ ಕ್ಯಾಮೆರಾದಲ್ಲಿ 50 ಎಂದರೆ 75ಕ್ಕೋ 80ಕ್ಕೋ ಸಮ, ಮನೆಯೊಳಗೆ ಮೇಜಿನಾಚೆ ಕುಳಿತ ಇಬ್ಬರನ್ನು ಒಟ್ಟಿಗೆ ಹಿಡಿಯಲೂ ಎದ್ದು ಹಿಂದೆ ಸರಿಯಬೇಕಾಗುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಹಗಲಿಗೆ ಒಂದು, ರಾತ್ರಿಗೆ ಒಂದು ಎಂಬ ಈ ಜೋಡಿ ಬಂದ ಮೇಲೆ, ಎಲ್ಲಕ್ಕೂ ಒದಗುವ ಒಂದೇ ಲೆನ್ಸಿನ ಹುಡುಕಾಟವನ್ನು ನಾನು ನಿಲ್ಲಿಸಿದೆ.

18-140ರ ದೋಷಗಳಿಗೆ ಮರಳುತ್ತೇನೆ. 18 ಮಿ.ಮೀ.ನಲ್ಲಿ ನೇರ ಗೆರೆಗಳು ಹೊರಕ್ಕೆ ಉಬ್ಬುತ್ತವೆ. ಸ್ವಲ್ಪ ಝೂಮ್ ಮಾಡಿದರೆ ಅವೇ ಒಳಕ್ಕೆ ಬಾಗುತ್ತವೆ. ಕಟ್ಟಡಗಳ ಅಂಚು, ಸಮುದ್ರದ ದಿಗಂತ, ಪುಸ್ತಕದ ಕಪಾಟು ಇವುಗಳಲ್ಲಿ ಇದು ಎದ್ದು ಕಾಣುತ್ತದೆ. ಜೆಪೆಗ್ ತೆಗೆಯುವವರು ಕ್ಯಾಮೆರಾದ ಮೆನುವಿನಲ್ಲಿರುವ ಸ್ವಯಂಚಾಲಿತ ವಕ್ರತೆ ತಿದ್ದುವ ಆಯ್ಕೆಯನ್ನು ಆನ್ ಮಾಡಿಟ್ಟರೆ ತಲೆನೋವು ತಪ್ಪುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಕಡತಗಳನ್ನು ತಂತ್ರಾಂಶದಲ್ಲಿ ತಿದ್ದಿಕೊಳ್ಳಬೇಕು. 140ರ ತುದಿಯಲ್ಲಿ ಎಫ್/5.6ರ ಬದಲು ಎಫ್/8 ಇಟ್ಟರೆ ಮೂಲೆಗಳು ಸುಧಾರಿಸುತ್ತವೆ. ಇನ್ನೊಂದು ಕೊರತೆ, ತೀರಾ ಹತ್ತಿರದ ವಸ್ತುಗಳದ್ದು. 45 ಸೆಂ.ಮೀ.ಗಿಂತ ಸಮೀಪಕ್ಕೆ ಇದು ಫೋಕಸ್ ಆಗದು, ಹೂವಿನ ಕೇಸರ ಎಣಿಸುವ ಆಸೆ ಇದ್ದವರಿಗೆ ಇದು ತಕ್ಕುದಲ್ಲ. ಅಂಥವರು 22 ಸೆಂ.ಮೀ.ವರೆಗೆ ಹೋಗಬಲ್ಲ ಸಿಗ್ಮಾ 17-70 ಎಫ್/2.8-4 ಲೆನ್ಸನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು; ಬೆಳಕಿನಲ್ಲೂ ದೂರದಲ್ಲೂ ಅದು ಮಧ್ಯಮ ಮಾರ್ಗದ್ದು. ಕ್ಯಾಮೆರಾದ ತಲೆಯ ಮೇಲೆ ಏಳುವ ಪುಟ್ಟ ಫ್ಲಾಷ್ ಬಳಸುವಾಗ ಲೆನ್ಸಿನ ಮುಂದಿನ ಹುಡ್ (ಅಡ್ಡಬೆಳಕು ತಡೆಯುವ ಮರೆ) ತೆಗೆಯದಿದ್ದರೆ 18ರಲ್ಲಿ ಚಿತ್ರದ ಕೆಳಭಾಗಕ್ಕೆ ಕಮಾನಿನಂಥ ನೆರಳು ಬೀಳುತ್ತದೆ, ಮೊದಮೊದಲು ಅದನ್ನು ನಾನು ಲೆನ್ಸಿನ ದೋಷವೆಂದೇ ತಿಳಿದಿದ್ದೆ.

ಹಾಗಾದರೆ 18-300, 18-400ರಂಥ ಮಹಾ ಝೂಮ್‌ಗಳು ಇನ್ನೂ ಒಳ್ಳೆಯವಲ್ಲವೇ ಎಂದು ಕೇಳುವವರಿದ್ದಾರೆ. 2017ರಲ್ಲಿ ಬಂದ ಟ್ಯಾಮ್ರಾನ್ 18-400 ತಾಂತ್ರಿಕವಾಗಿ ಅಚ್ಚರಿಯ ವಸ್ತುವೇ. ಆದರೆ ಅದರ ತೂಕ 700 ಗ್ರಾಂ ದಾಟುತ್ತದೆ, ದೂರದ ತುದಿಯಲ್ಲಿ ಅಪರ್ಚರ್ ಎಫ್/6.3ಕ್ಕೆ ಇಳಿಯುತ್ತದೆ. ಅಷ್ಟು ದೂರ ಚಾಚುವ ಲೆನ್ಸಿಗೆ ಹೆಚ್ಚು ಶಟರ್ ವೇಗ ಬೇಕಾದ ಹೊತ್ತಿನಲ್ಲಿಯೇ ಬೆಳಕು ಕಡಿಮೆಯಾಗುವುದು ಈ ವರ್ಗದ ಮೂಲ ತೊಡಕು. ಇಂಥ ಲೆನ್ಸ್‌ಗಳಲ್ಲಿ ಹಲವು ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಬರೆದಿರುವ ಫೋಕಲ್ ಲೆಂತನ್ನು ಪೂರ್ತಿ ಕೊಡುವುದೂ ಇಲ್ಲ. ಪ್ರಯಾಣದಲ್ಲಿ ಲೆನ್ಸ್ ಬದಲಾಯಿಸಲು ಸಾಧ್ಯವೇ ಇಲ್ಲದವರಿಗೆ, ಧೂಳಿನಲ್ಲಿ ಕೆಲಸ ಮಾಡುವವರಿಗೆ ಇವು ಸರಿ. ಕಲಿಯುವವರಿಗೆ ನಾನು ಸೂಚಿಸಲಾರೆ.

ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಲಹೆ ಇನ್ನೊಂದಿದೆ: “ಮುಂದೆ ಹೇಗೂ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳುತ್ತೀರಿ, ಈಗಲೇ ಅದರ 24-105 ಅಥವಾ 24-120 ಕೊಂಡುಬಿಡಿ.” ಫುಲ್ ಫ್ರೇಮ್ ಎಂದರೆ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸಂವೇದಕ. ಚಿಕ್ಕ ಸಂವೇದಕದ ಮೇಲೆ 24 ಎಂದರೆ ನಿಕಾನ್‌ನಲ್ಲಿ 36, ಕ್ಯಾನನ್‌ನಲ್ಲಿ 38 ಮಿ.ಮೀ.ಗೂ ಮೇಲೆ. ಇಂದು ತೆಗೆಯಬೇಕಾದ ಕಟ್ಟಡವೂ ಗುಂಪುಚಿತ್ರವೂ ಚೌಕಟ್ಟಿನಿಂದ ಹೊರಗುಳಿಯುತ್ತವೆ. ಎಂದೋ ಬರಬಹುದಾದ ಕ್ಯಾಮೆರಾಕ್ಕಾಗಿ ಕೈಯಲ್ಲಿರುವ ಕ್ಯಾಮೆರಾವನ್ನು ಕುಂಟಾಗಿಸುವ ಈ ವ್ಯವಹಾರ ನನಗೆ ಅರ್ಥವಾಗಿಲ್ಲ. ವಿಶಾಲ ತುದಿಯಲ್ಲಿ ಒಂದೆರಡು ಮಿ.ಮೀ. ಎಷ್ಟು ಮುಖ್ಯವೆಂದರೆ, 18ರ ಬದಲು 16ರಿಂದ ಆರಂಭವಾಗುವ ನಿಕಾನ್ 16-80 ಎಫ್/2.8-4 ಲೆನ್ಸನ್ನು ಹಿಡಿದವರು ಇಕ್ಕಟ್ಟಾದ ಜಾಗಗಳಲ್ಲಿ ಆ ವ್ಯತ್ಯಾಸವನ್ನು ಮೊದಲ ದಿನವೇ ಗಮನಿಸುತ್ತಾರೆ. ಬೆಲೆಯೊಂದು ತಡೆಯಾಗದವರಿಗೆ ನಿಕಾನ್ ಡಿಎಕ್ಸ್ ಝೂಮ್‌ಗಳಲ್ಲಿ ನನ್ನ ಮೊದಲ ಆಯ್ಕೆ ಅದೇ ಆಗಿರುತ್ತಿತ್ತು.

ಕ್ಯಾನನ್ ಬಳಸುವವರಿಗೆ 18-140ರ ಜೋಡಿ ಇಎಫ್-ಎಸ್ 18-135. ಇಎಫ್-ಎಸ್ ಎಂದರೆ ಕ್ಯಾನನ್‌ನ ಚಿಕ್ಕ ಸಂವೇದಕದ ಎಸ್‌ಎಲ್‌ಆರ್‌ಗಳ ಲೆನ್ಸ್; ಎಸ್‌ಟಿಎಂ, ಯುಎಸ್‌ಎಂ ಎಂಬವು ಫೋಕಸ್ ಮೋಟಾರಿನ ಬಗೆಗಳು. ಅದರ ಎಸ್‌ಟಿಎಂ ಆವೃತ್ತಿ 2012ರದು, ಇನ್ನಷ್ಟು ಚುರುಕಾಗಿ ಫೋಕಸ್ ಆಗುವ ಯುಎಸ್‌ಎಂ ಆವೃತ್ತಿ 2016ರದು. 1.6ರ ಲೆಕ್ಕದಲ್ಲಿ ಅದು ಸುಮಾರು 29ರಿಂದ 216 ಮಿ.ಮೀ. ಆಗುತ್ತದೆ. ವಿಡಿಯೋ ತೆಗೆಯುವವರಿಗೆ ಎರಡೂ ಅನುಕೂಲ, ಫೋಕಸ್ ಮೋಟಾರಿನ ಸದ್ದು ಧ್ವನಿಯಲ್ಲಿ ಸೇರುವುದು ಬಹಳ ಕಡಿಮೆ. 18-140ರ ಬಗ್ಗೆ ಮೇಲೆ ಹೇಳಿದ ಬೆಳಕಿನ ಮಾತುಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ಇಎಫ್-ಎಸ್ ಲೆನ್ಸ್‌ಗಳು ಕ್ಯಾನನ್‌ನ ಫುಲ್ ಫ್ರೇಮ್ ಎಸ್‌ಎಲ್‌ಆರ್‌ಗಳ ಮೇಲೆ ಕೂರುವುದಿಲ್ಲ; ನಿಕಾನ್‌ನ ಡಿಎಕ್ಸ್ ಲೆನ್ಸ್‌ಗಳು ಕೂರುತ್ತವೆ, ಆದರೆ ಚಿತ್ರದ ನಡುಭಾಗ ಮಾತ್ರ ಬಳಕೆಯಾಗುತ್ತದೆ.

ಕೊಳ್ಳುವ ಮುನ್ನ ನಿಕಾನ್‌ನವರು ಹೆಸರಿನ ಮೊದಲ ಅಕ್ಷರಗಳನ್ನು ನೋಡಲೇಬೇಕು. ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಎಎಫ್ ಅಥವಾ ಎಎಫ್-ಡಿ ಎಂದಷ್ಟೇ ಬರೆದಿರುವ ಹಳೆಯ ನಿಕಾನ್ ಲೆನ್ಸ್‌ಗಳು ಇವುಗಳಲ್ಲಿ ಕೈಯಿಂದ ಮಾತ್ರ ಫೋಕಸ್ ಆಗುತ್ತವೆ. ಎಎಫ್-ಎಸ್ ಎಂದಿದ್ದರೆ ಮೋಟಾರ್ ಲೆನ್ಸಿನೊಳಗೇ ಇರುತ್ತದೆ, ಚಿಂತೆಯಿಲ್ಲ. ಹೊಸ ಎಎಫ್-ಪಿ ಲೆನ್ಸ್‌ಗಳು ಡಿ3100, ಡಿ5100ರಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಎರಡೂ ಸಂಸ್ಥೆಗಳು ಈಗ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೆ ಹೊರಳಿರುವುದರಿಂದ ಎಸ್‌ಎಲ್‌ಆರ್ ಲೆನ್ಸ್‌ಗಳು ಹೆಚ್ಚಾಗಿ ಬಳಸಿದ ಸರಕಾಗಿಯೇ ಸಿಗುತ್ತವೆ, ಎಎಫ್-ಎಸ್ ಲೆನ್ಸನ್ನು ಮುಂದೆ ಎಫ್‌ಟಿಝೆಡ್ ಅಡಾಪ್ಟರ್ ಮೂಲಕ ನಿಕಾನ್‌ನ ಮಿರರ್‌ಲೆಸ್ ಝೆಡ್ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಸಮೇತ ಬಳಸಲೂ ಬರುತ್ತದೆ.

ಬಳಸಿದ್ದನ್ನು ಕೊಳ್ಳುವಾಗ ನಾನೊಮ್ಮೆ ಮೋಸಹೋಗಿದ್ದೇನೆ. ಹೊರಗಿನಿಂದ ಹೊಸದರಂತೆ ಹೊಳೆಯುತ್ತಿದ್ದ ಒಂದು ಝೂಮ್, ಮನೆಗೆ ತಂದು ನೋಡಿದರೆ ಚಿತ್ರದ ಎಡಭಾಗವನ್ನು ಸದಾ ಮಸುಕಾಗಿ ಕೊಡುತ್ತಿತ್ತು. ಎಲ್ಲೋ ಬಿದ್ದು ಒಳಗಿನ ಗಾಜು ಸ್ಥಾನ ತಪ್ಪಿದ್ದಿರಬೇಕು. ಅಂದಿನಿಂದ ಯಾವ ಲೆನ್ಸನ್ನಾದರೂ ನನ್ನದೇ ಕ್ಯಾಮೆರಾಕ್ಕೆ ಹಾಕಿ, ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆಯನ್ನು ನೇರವಾಗಿ ಎದುರು ನಿಂತು ಎಫ್/5.6ರಲ್ಲಿ ತೆಗೆದು, ನಾಲ್ಕೂ ಮೂಲೆಯ ಅಕ್ಷರಗಳನ್ನು ದೊಡ್ಡದು ಮಾಡಿ ಓದುತ್ತೇನೆ. ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್ ಎಳೆಗಳಿವೆಯೇ ಎಂದು ನೋಡುತ್ತೇನೆ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತಿಸುವುದಿಲ್ಲ, ಅವು ಚಿತ್ರದಲ್ಲಿ ಕಾಣುವುದಿಲ್ಲ. ಝೂಮ್ ಉಂಗುರವನ್ನು ತುದಿಯಿಂದ ತುದಿಗೆ ತಿರುಗಿಸಿ ಎಲ್ಲಾದರೂ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ, ಶಟರ್ ಗುಂಡಿ ಅರ್ಧ ಒತ್ತಿ ಕಿವಿಗೊಟ್ಟು ಕಂಪನ ನಿಯಂತ್ರಣದ ಸಣ್ಣ ಗುಂಯ್ ಸದ್ದು ಕೇಳಿಸಿಕೊಳ್ಳುತ್ತೇನೆ. ಈಗ ಬಳಸುತ್ತಿರುವ 18-140 ಹೀಗೆ ಆರಿಸಿದ ಎರಡನೆಯದು. ಮೊದಲು ತೋರಿಸಿದ್ದರಲ್ಲಿ ಬಲಗಡೆಯ ಕೆಳಮೂಲೆಯ ಅಕ್ಷರಗಳು ಓದಲು ಬರಲಿಲ್ಲ.